ಬೆಟ್ಟದಿಂದ ಬಂದ ‘ಎಲ್ಲ ಸರಿ’

ನಮ್ಮ ನಿಮ್ಮ ಮನೆಗಳಲ್ಲಿ ಒಂದು ಅಭ್ಯಾಸವಿದೆ. ಜ್ವರ ಬಂದವರು ಜ್ವರ ಎನ್ನುವುದಿಲ್ಲ. ಮಂಡಿ ನೋಯುವವರು ಮಂಡಿ ಎನ್ನುವುದಿಲ್ಲ. ಯಾರಾದರೂ ‘ಹೇಗಿದ್ದೀರಿ?’ ಎಂದರೆ ಬಾಯಿ ತಾನಾಗಿಯೇ ‘ಎಲ್ಲ ಸರಿ’ ಎಂದುಬಿಡುತ್ತದೆ. ನಮ್ಮ ಮನೆಯಲ್ಲಿ ಇದು ಬರೀ ಅಭ್ಯಾಸವಾಗಿರಲಿಲ್ಲ, ಕಟ್ಟಳೆಯಾಗಿತ್ತು.

ನಮ್ಮದು ಟವರ್ ಹತ್ತುವವರ ಮನೆ. ಮೊಬೈಲ್ ಟವರುಗಳ ಬೋಲ್ಟು ಬಿಗಿ ಮಾಡುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ತುದಿಯಲ್ಲಿರುವ ಕೆಂಪು ದೀಪ ಬದಲಿಸುವುದು. ಮೊದಲು ಅಪ್ಪ ಮಾಡುತ್ತಿದ್ದರು, ಈಗ ಅಕ್ಕ ಮಾಡುತ್ತಾಳೆ. ಮೇಲೆ ಒಬ್ಬರು, ಕೆಳಗೆ ಹಗ್ಗ ಹಿಡಿದು ಒಬ್ಬರು. ಕೆಳಗಿನವರು ಆಗಾಗ ತಲೆಯೆತ್ತಿ ‘ಹೇಗಿದೆ?’ ಎಂದು ಕೂಗಬೇಕು. ಮೇಲಿನವರು ‘ಎಲ್ಲ ಸರಿ’ ಎನ್ನಬೇಕು. ಬೇರೆ ಉತ್ತರವೇ ಇಲ್ಲ. ಎತ್ತರದಲ್ಲಿ ಕೆಟ್ಟ ಮಾತು ಆಡಿದರೆ ಕೈಯ ಹಿಡಿತ ಸಡಿಲುತ್ತದೆ ಎಂಬುದು ಆ ಕಸುಬಿನವರ ನಂಬಿಕೆ. ತಲೆಸುತ್ತು ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಕಿವಿ ಸೋರಿ ನೆಲ ಗಿರ್ರೆಂದಾಗಲೂ ಅಮ್ಮ ಡಾಕ್ಟರ ಮುಂದೆ “ಇವಳಿಗೆ ಅದು ಬರ್ತಿದೆ” ಎಂದಷ್ಟೇ ಹೇಳಿದ್ದಳು.

ಅಪ್ಪ ಬಿದ್ದದ್ದು ಆ ಉತ್ತರ ಕೊಟ್ಟ ಮೇಲೆಯೇ. ‘ಎಲ್ಲ ಸರಿ’ ಎಂಬ ಕೂಗು ಮೊದಲು ಕೆಳಗೆ ಬಂತಂತೆ. ಅದರ ಹಿಂದೆಯೇ ಅಪ್ಪ.

ಅವರ ಹಳದಿ ಹೆಲ್ಮೆಟ್ಟನ್ನು ಅಮ್ಮ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಆ ಟವರ್ ನಮ್ಮ ಬೀದಿಯ ತುದಿಯಲ್ಲಿ ಈಗಲೂ ಇದೆ. ಅದರ ಕೆಳಗೆ ಹಾದುಹೋಗುವಾಗ ಅಮ್ಮ ಒಂದು ಕ್ಷಣ ನಿಲ್ಲುತ್ತಾಳೆ. ತುಟಿ ಅಲ್ಲಾಡುತ್ತದೆ. ಆಮೇಲೆ ಉತ್ತರ ಕೇಳಿಸಿಕೊಂಡವಳಂತೆ ತಲೆಯಾಡಿಸಿ ಮುಂದೆ ಹೋಗುತ್ತಾಳೆ. ಪಕ್ಕದಲ್ಲಿರುವ ನಾನು ಏನನ್ನೂ ನೋಡದವಳಂತೆ ಚೀಲ ಹಿಡಿದು ನಡೆಯುತ್ತೇನೆ.

ಹೆಲ್ಮೆಟ್ಟಿನ ಪಕ್ಕದಲ್ಲಿ ಒಂದು ಹಳೆಯ ಕ್ಯಾಲೆಂಡರ್. ವರ್ಷ ಮುಗಿದರೂ ಅಪ್ಪ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಅದರಲ್ಲಿ ಆಫ್ರಿಕಾದ ಒಂದು ಬೆಟ್ಟದ ಚಿತ್ರ. ಕೆಳಗೆ ಒಣ ಹುಲ್ಲು, ಮೇಲೆ ಹಿಮ, ನಡುವೆ ಮೋಡ. “ಏಣಿ ಬೇಡದ ಎತ್ತರ ಅದೊಂದೇ ಕಣ್ರೇ. ನಡೆದೇ ಹೋಗಬಹುದು” ಎನ್ನುತ್ತಿದ್ದರು. ಹೋಗಲಾಗಲಿಲ್ಲ.

“ಅಪ್ಪನ ಬದಲು ನಾನು ಹೋಗ್ತೀನಿ” ಎಂದು ಅಕ್ಕ ಒಂದು ದಿನ ಹೇಳಿಯೇಬಿಟ್ಟಳು. ಜೊತೆಗೆ ಅವಳ ಹಗ್ಗ ಹಿಡಿಯುವ ಸಂಗಾತಿ. ಹೇಳಿದ ಹೊತ್ತಿಗೆ ಎಂದೂ ಬಾರದ ಅವನನ್ನು ಎಲ್ಲರೂ ‘ಗಡಿಯಾರ’ ಎಂದೇ ಕರೆಯುವುದು.

ಹೊರಡಲು ಇನ್ನೂ ತಿಂಗಳಿರುವಾಗಲೇ ಚೀಲ ತುಂಬತೊಡಗಿದ ದಿನ ಮೇಲಿನ ಮನೆಯ ಸಿಸ್ಟರಮ್ಮ ನಮ್ಮ ಅಂಗಳಕ್ಕೆ ಹಾರಿಬಿದ್ದ ತನ್ನ ದುಪ್ಪಟ್ಟಾ ತೆಗೆದುಕೊಳ್ಳಲು ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಹಿಂದೊಮ್ಮೆ ಚಾರಣದ ತಂಡದ ಜೊತೆ ನರ್ಸಾಗಿ ಅದೇ ಬೆಟ್ಟಕ್ಕೆ ಹೋಗಿ ಬಂದವಳು.

“ಏನಮ್ಮ, ಬೆಟ್ಟಕ್ಕಂತೆ? ತಯಾರಿ ಎಲ್ಲಿಗೆ ಬಂತು?”

“ಟಿಕೆಟ್ ಆಯ್ತು, ಜಾಕೆಟ್ ಆಯ್ತು. ಇನ್ನೇನ್ ತಯಾರಿ ಸಿಸ್ಟರಮ್ಮ? ಮೀನಿಗೆ ಈಜು ಕಲಿಸ್ತೀರಾ?” ಎಂದಳು ಅಕ್ಕ.

“ಮೀನು ನೀರಲ್ಲಿದ್ರೆ ಮೀನು. ದಡಕ್ಕೆ ಬಂದ್ರೆ?”

“ಟವರ್ ತುದೀಲಿ ಕೂತು ತಿಂಡಿ ತಿನ್ನೋಳು ನಾನು.”

“ತಿನ್ನು, ಬೇಡ ಅಂದೋರ್ಯಾರು? ನಿನ್ನ ಟವರ್ ಎಷ್ಟೇ ಎತ್ತರ ಇರಲಿ, ಅಲ್ಲಿರೋದು ಇಲ್ಲಿನ ಗಾಳೀನೇ. ಆ ಬೆಟ್ಟದ ತುದೀಲಿ ಹಾಗಲ್ಲ. ಒಂದು ಉಸಿರು ಎಳೆದರೆ ಅರ್ಧ ಉಸಿರು ಸಿಕ್ಕ ಹಾಗೆ. ಅದಕ್ಕೆ ದೇಹ ಒಗ್ಗಿಕೊಳ್ಳೋಕೆ ದಿನ ಬೇಕು. ಕುಸ್ತಿ ಆಡೋನಿಗೂ ಬೇಕು, ನನ್ನಂಥ ಮುದುಕಿಗೂ ಬೇಕು. ಮೈಯಲ್ಲಿ ಕಸುವಿದೆ ಅಂತ ಬೆಟ್ಟ ರಿಯಾಯಿತಿ ಕೊಡಲ್ಲ.”

ಬಾಗಿಲಲ್ಲಿ ಕೂತು ಹೊಸ ಬೂಟಿನ ಲೇಸು ಪೋಣಿಸುತ್ತಿದ್ದ ಗಡಿಯಾರ ತಲೆಯೆತ್ತಿದ. “ಅದಕ್ಕೇ ಸಿಸ್ಟರಮ್ಮ, ಬೇಗ ಹತ್ತಿ ಬೇಗ ಇಳಿದುಬಿಡೋದು. ಕಾಯಿಲೆಗೆ ನಾವು ಬಂದಿದ್ದು ಗೊತ್ತಾಗೋಕ್ ಮುಂಚೆ.”

“ಹುಟ್ಟಿದಾಗಿಂದ ಒಂದು ಸಲನೂ ಬೇಗ ಬಂದೋನಲ್ಲ ನೀನು. ಅಲ್ಲೂ ಹಾಗೇ ಇರಪ್ಪ, ಪುಣ್ಯ ಬರುತ್ತೆ. ಆ ಬೆಟ್ಟಕ್ಕೆ ಸೋಮಾರಿಗಳೇ ಸರಿ. ಮಾತಾಡ್ತಾ ನಡೆಯೋಕೆ ಆಗಬೇಕು, ಏದುಸಿರು ಬಂತು ಅಂದ್ರೆ ಜೋರಾಗಿ ನಡೀತಿದ್ದೀಯ ಅಂತ. ದಿನಾ ಮಲಗೋ ಜಾಗದ ಎತ್ತರ ಸ್ವಲ್ಪ ಸ್ವಲ್ಪವೇ ಏರಬೇಕು. ನಡುವೆ ಸುಮ್ಮನೆ ಕೂರೋಕೂ ಒಂದು ದಿನ ಇಟ್ಟುಕೊಳ್ಳಿ. ಯಾವ ದಾರಿ ಹಿಡಿದಿದ್ದೀರಿ?”

“ಚಿಕ್ಕದು” ಎಂದಳು ಅಕ್ಕ. “ಅಷ್ಟೇ ರಜ ಸಿಕ್ಕಿರೋದು.”

ಸಿಸ್ಟರಮ್ಮ ದುಪ್ಪಟ್ಟಾ ಮಡಿಸುವುದನ್ನು ನಿಲ್ಲಿಸಿದಳು. “ದೊಡ್ಡ ದಾರಿ ಹಿಡಿ. ಇಲ್ಲಾ ಮುಂದಿನ ವರ್ಷ ಹೋಗು. ಬೆಟ್ಟ ಎದ್ದು ಹೋಗಲ್ಲ.”

“ನೋಡೋಣ” ಎಂದಳು ಅಕ್ಕ. ನಮ್ಮ ಅಕ್ಕನ ‘ನೋಡೋಣ’ ಎಂದರೆ ‘ಇಲ್ಲ’ ಎಂದೇ ಅರ್ಥ.

ಆದರೂ ಸಿಸ್ಟರಮ್ಮ ಬಿಡಲಿಲ್ಲ. ಆ ದಿನದಿಂದ ಇಬ್ಬರಿಗೂ ಹೊಸ ಬೂಟು ತೊಡಿಸಿ ಮನೆಯೊಳಗೂ ಬೀದಿಯಲ್ಲೂ ಓಡಾಡಿಸಿದಳು. ಪಾದಕ್ಕೆ ಇಲ್ಲೇ ಬೊಬ್ಬೆ ಬಂದು ವಾಸಿಯಾಗಲಿ, ಅಲ್ಲಿ ಬೇಡ ಎಂದಳು. ಹಿಡಿದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದಳು. ಆ ದೇಶಕ್ಕೆ ಬೇಕಾದ ಲಸಿಕೆ ಯಾವುದು, ಸೊಳ್ಳೆಯ ಜ್ವರಕ್ಕೆ ಮಾತ್ರೆ ಬೇಕೇ, ಎತ್ತರದ ಕಾಯಿಲೆ ತಡೆಯುವ ಮಾತ್ರೆ ಇವರ ಮೈಗೆ ಆಗುತ್ತದೆಯೇ ಎಂದು ಅವಳೇ ಕೇಳಿದಳು. ಕುಡಿತ ಬೇಡ, ನಿದ್ದೆ ಮಾತ್ರೆ ಬೇಡ ಎಂದು ಗಡಿಯಾರನ ಮುಖ ನೋಡಿಯೇ ಹೇಳಿದಳು. ಅವನು ಬೂಟು ನೋಡಿಕೊಂಡ.

ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಅವಳು ತಾನು ಬೆಟ್ಟದಲ್ಲಿ ಕಂಡ ಒಂದು ಮಾತು ತೆಗೆದಳು.

“ನಾನು ಹೋದಾಗ ನಮ್ಮ ತಂಡದಲ್ಲಿ ಒಬ್ಬಳು ಟೀಚರ್ ಇದ್ದಳು. ಎಲ್ಲರಿಗಿಂತ ಗಟ್ಟಿ. ತಲೆನೋವು ಬಂದಿದ್ದನ್ನ ಬಾಯಿಬಿಡಲಿಲ್ಲ, ತಂಡಕ್ಕೆ ತಾನು ಭಾರ ಆಗಬಾರದು ಅಂತ. ಒಂದು ಮಧ್ಯಾಹ್ನ ಬಿಡಾರದಲ್ಲಿ ಎಲ್ಲರಿಗೂ ಚಹಾ ಬಗ್ಗಿಸ್ತಾ ಒಂದು ಲೋಟ ಜಾಸ್ತಿ ಇಟ್ಟಳು. ತನ್ನ ಪಕ್ಕ, ಯಾರೂ ಇಲ್ಲದ ಜಾಗದಲ್ಲಿ. ಯಾರಿಗೇ ಅಂದೆ. ‘ಇವರಿಗೆ. ನಿನ್ನೆಯಿಂದ ನಮ್ಮ ಜೊತೇಲೇ ನಡೀತಿದ್ದಾರಲ್ಲ’ ಅಂದಳು. ಎಷ್ಟು ಸಹಜವಾಗಿ ಅಂದಳು ಅಂದ್ರೆ, ನಾನೂ ಒಂದು ಕ್ಷಣ ಈ ಕಡೆ ಸ್ವಲ್ಪ ಸರಿದು ಜಾಗ ಬಿಟ್ಟೆ.”

ಅಮ್ಮ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

“ಮಿದುಳಿಗೆ ಗಾಳಿ ಸಾಲದೆ ಬಾವು ಬಂದರೆ ಹಾಗಾಗುತ್ತೆ. ಆಗ ಮಾಡೋದು ಒಂದೇ, ಇಳಿಸೋದು. ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಆವಾಗಲೇ ಇಳಿಸಿದೆವು. ಕೆಳಗೆ ಬಂದಮೇಲೆ ಸರಿಹೋದಳು, ಲೋಟದ ನೆನಪೇ ಇಲ್ಲ ಅವಳಿಗೆ. ಆದರೆ ಹೊರಡೋ ಮುಂಚೆ ಪಾತ್ರೆ ಎತ್ತಿಡೋಕೆ ಹೋದೋಳು ನಾನು. ಆ ಲೋಟ ಖಾಲಿಯಾಗಿತ್ತು.”

ಅಕ್ಕ ತನ್ನ ಲೋಟದೊಳಗೆ ಇಣುಕಿದಳು.

“ಗಾಳಿಗೆ ಚೆಲ್ಲಿರಬೇಕು” ಎಂದಳು ಸಿಸ್ಟರಮ್ಮ.

ಆಮೇಲೆ ಅವಳು ನಮ್ಮನ್ನು ಎಬ್ಬಿಸಿ ನಿಲ್ಲಿಸಿದಳು. ನೆಲದ ಹಾಸುಗಲ್ಲಿನ ನಡುವಿನ ಗೆರೆ ತೋರಿಸಿದಳು. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ಆ ಗೆರೆಯ ಮೇಲೇ ನಡೆಯಬೇಕು. “ಮಿದುಳು ಕೆಟ್ಟರೆ ಮೊದಲು ತಪ್ಪೋದು ಹೆಜ್ಜೆ. ಬಾಯಿ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ.”

ಅಕ್ಕ ಕಣ್ಣು ಮುಚ್ಚಿಕೊಂಡೇ ನಡೆದು ತೋರಿಸಿದಳು. ಕಬ್ಬಿಣದ ಕಂಬಿಯ ಮೇಲೆ ದಿನವೂ ನಿಲ್ಲುವವಳು. ನಾನು ನಡುವೆಯೇ ತೂರಾಡಿ ಒಲೆಯ ಕಟ್ಟೆ ಹಿಡಿದೆ. “ಇಲ್ಲಿ ಕಲ್ಲು ಸ್ವಲ್ಪ ಎದ್ದಿದೆ” ಎಂದೆ.

“ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ!” ಅಕ್ಕ ಕೈತಟ್ಟಿ ನಕ್ಕಳು. “ಇಲಿಮರಿ, ನೀನು ಬೆಟ್ಟಕ್ಕೆ ಬರಬೇಡ್ವೇ. ಅಡುಗೆಮನೆ ದಾಟು ಸಾಕು.”

ಸಿಸ್ಟರಮ್ಮ ನಗಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟಳು. “ದಿನಾ ಸಂಜೆ ಫೋನ್ ಸಿಕ್ಕಾಗ ನೀನು ಮಾತಾಡಬೇಕು. ಹೇಗಿದ್ದೀಯ ಅಂತ ಮಾತ್ರ ಕೇಳಬೇಡ. ನಿಮ್ಮ ಮನೆಯೋರ ಉತ್ತರ ನನಗೆ ಗೊತ್ತು. ಏನು ತಿಂದೆ ಅಂತ ಕೇಳು. ನಿದ್ದೆ ಬಂತಾ, ವಾಂತಿ ಆಯ್ತಾ, ಸುಮ್ಮನೆ ಕೂತಾಗಲೂ ಏದುಸಿರು ಇದೆಯಾ, ಕೆಮ್ಮಿದೆಯಾ. ತಲೆ ನೋಯ್ತಿದೆಯಾ.”

“ಸಿಸ್ಟರ್, ಎತ್ತರದಲ್ಲಿ ಇರೋರ ಹತ್ರ ಆ ಮಾತೆಲ್ಲ ಬೇಡ” ಎಂದಳು ಅಮ್ಮ. ಎದ್ದು ಹೋಗಿ ಹೆಲ್ಮೆಟ್ಟಿನ ಧೂಳು ಒರೆಸಿದಳು. ಅದರಲ್ಲಿ ಧೂಳಿರಲಿಲ್ಲ.

ಅವರು ಹೊರಟರು. ಚಿಕ್ಕ ದಾರಿಯಲ್ಲೇ.

ಫೋನ್ ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಅಂಗಡಿಗೆ ಫೋನ್ ಮಾಡುವ ಮುಂಚೆಯೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಅಂದುಕೊಂಡು ನೋಡುವವಳು ನಾನು. ಆದರೂ ಕೇಳಿದೆ. ಮೊದಲ ಸಂಜೆ ಅಕ್ಕ ತಟ್ಟೆ ತುಂಬ ತಿಂದಿದ್ದಳು. ಮರುದಿನ ಬರೀ ಸೂಪು. ಆಮೇಲೆ ಸಿಗ್ನಲ್ ಸಿಗಲಿಲ್ಲ.

ಮತ್ತೆ ಫೋನ್ ಬಂದದ್ದು ಕೊನೆಯ ಏರಿಗೆ ಮುಂಚಿನ ಬಿಡಾರದಿಂದ. ದೀಪ ಹಾಕುವ ಹೊತ್ತು. ಸಿಸ್ಟರಮ್ಮ ಆಸ್ಪತ್ರೆಯಲ್ಲಿದ್ದಳು. ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ. ಗಾಳಿಯ ಸದ್ದು ಕೋಣೆ ತುಂಬ ಹರಡಿತು.

“ಅಕ್ಕ, ಏನು ತಿಂದೆ?”

“ಎಲ್ಲ ಸರಿ.”

“ಅದಲ್ಲ, ಮಧ್ಯಾಹ್ನ ಊಟಕ್ಕೆ ಏನು ತಿಂದೆ?”

“ಎಲ್ಲ ಸರಿ.”

ಅದೇ ದನಿ, ಅದೇ ಏರಿಳಿತ. ಯಾರೋ ಅವಳ ಮಾತನ್ನು ತುಂಬಿಟ್ಟುಕೊಂಡು ಒಂದೊಂದಾಗಿ ಬಿಡುತ್ತಿದ್ದ ಹಾಗಿತ್ತು.

“ನಿದ್ದೆ ಬಂತಾ?”

“ಎಲ್ಲ ಸರಿ ಕಣೇ. ಬೇಕಾದ್ರೆ ಅಪ್ಪನ್ನೇ ಕೇಳು.”

ಅಮ್ಮನ ಕೈಯಿಂದ ಒರೆಸುವ ಬಟ್ಟೆ ಜಾರಿತು. ನಾನು ಫೋನಿಗೆ ಬಗ್ಗಿದೆ. “ಯಾರನ್ನ?”

“ಅಪ್ಪ. ಮುಂದೆ ಹೋಗ್ತಾ ಇದ್ರಲ್ಲ ಇಡೀ ದಿನ. ಹಳದಿ ಹೆಲ್ಮೆಟ್. ತಿರುಗಿ ನೋಡಲ್ಲ, ನಡೀತಾನೇ ಕೇಳ್ತಾರೆ ಹೇಗಿದೆ ಅಂತ. ನಾನು ಎಲ್ಲ ಸರಿ ಅಂತೀನಿ. ಈಗ ಟೆಂಟಿನ ಹೊರಗೆ ನಿಂತಿದ್ದಾರೆ. ನಾವಿಬ್ಬರೇ ಮೊದಲು ಹೊರಡ್ತೀವಿ.”

ನಾನು ಬಾಗಿಲ ಕಡೆ ನೋಡಿದೆ. ಹೆಲ್ಮೆಟ್ ಮೊಳೆಯಲ್ಲೇ ಇತ್ತು. ಗಾಳಿಯಿಲ್ಲದ ಕೋಣೆಯಲ್ಲಿ ಅದು ಸ್ವಲ್ಪವೇ ಅಲ್ಲಾಡುತ್ತಿದ್ದಂತೆ ಕಂಡಿತು. ನಾನು ನಡುಗುತ್ತಿದ್ದೆ, ಅದಕ್ಕೇ ಇರಬೇಕು.

ಅಮ್ಮನ ಮುಖ ನೋಡಿದರೆ ಅಲ್ಲಿ ಭಯವಿರಲಿಲ್ಲ. ಎಷ್ಟೋ ಕಾಲದಿಂದ ಕಾಯುತ್ತಿದ್ದ ಸುದ್ದಿ ಬಂದವಳಂತೆ ಅವಳು ಫೋನಿನ ಹತ್ತಿರ ಬಂದು ಕೂತಳು.

“ಜೊತೇಲಿದ್ದಾರಂತೆ ಕಣೇ” ಎಂದಳು ನನಗೆ, ಪಿಸುದನಿಯಲ್ಲಿ. “ಕರ್ಕೊಂಡು ಹೋಗ್ತಿದ್ದಾರೆ. ಅವಳಿಗೇನೂ ಆಗಲ್ಲ. ನೀನು ಇನ್ನೇನೂ ಕೇಳಬೇಡ.”

“ಅಮ್ಮ, ಆ ಲೋಟ...”

“ಎತ್ತರದಲ್ಲಿರೋಳ ಹತ್ರ ಕೆಟ್ಟ ಮಾತು ಬೇಡ ಅಂದೆ!”

ಅಮ್ಮನ ಮಾತು ಮೀರಿದವಳಲ್ಲ ನಾನು. ಅವತ್ತು ಫೋನನ್ನು ಎತ್ತಿ ಬಾಯಿಯ ಹತ್ತಿರ ಹಿಡಿದೆ. “ಗಡಿಯಾರಣ್ಣ ಎಲ್ಲಿ? ಫೋನ್ ಕೊಡು.” ಎಷ್ಟು ಜೋರಾಗಿ ಹೇಳಿದೆನೆಂದರೆ ಅದು ನನ್ನ ದನಿಯೇ ಅನ್ನಿಸಲಿಲ್ಲ.

“ಏನು ಇಲಿಮರಿ, ಕೂಗಾಟ?” ಗಡಿಯಾರನ ಮಾತಿನಲ್ಲೂ ದಣಿವಿತ್ತು, ಆದರೆ ಅದು ಅವನದೇ ಮಾತಾಗಿತ್ತು.

“ಅಕ್ಕನ್ನ ಗೆರೆ ಮೇಲೆ ನಡೆಸಿ. ಅಡುಗೆಮನೇಲಿ ನಡೆದಳಲ್ಲ, ಹಾಗೆ. ಈಗಲೇ.”

“ಅವಳನ್ನಾ? ಕಂಬಿ ಮೇಲೆ ನಿಂತು ಬಣ್ಣ ಬಳಿಯೋಳನ್ನಾ? ಹಕ್ಕೀನ ಹಾರ್ತೀಯಾ ಅಂತ ಕೇಳಿದ ಹಾಗಾಯ್ತು.”

“ನಿಮಗೆ ಕೈ ಮುಗೀತೀನಿ ಗಡಿಯಾರಣ್ಣ. ನಡೆಸಿ.”

ಬೂಟಿನ ಸದ್ದು. ಟೆಂಟಿನ ಜಿಪ್ಪು ಎಳೆದ ಸದ್ದು. ಅವನು ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದದ್ದೂ ಕೇಳಿಸಿತು. “ಬಾರಮ್ಮ, ನಿನ್ನ ತಂಗಿ ಪರೀಕ್ಷೆ ಇಟ್ಟಿದ್ದಾಳೆ.” ಆಮೇಲೆ ಬರೀ ಗಾಳಿ.

ಏನೋ ದೊಪ್ಪೆಂದಿತು.

“ತಂಗೀ...” ಅವನ ದನಿ ಕುಗ್ಗಿತ್ತು. “ಬಿದ್ದಳು. ಎರಡನೇ ಹೆಜ್ಜೆಗೇ ಬಿದ್ದಳು.”

ದೂರದಿಂದ ಅಕ್ಕನ ಮಾತು ಕೇಳಿಸಿತು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. “ನಾನಲ್ಲ ಕಣೋ. ಇಲ್ಲಿ ನೆಲ ಡೊಂಕಾಗಿದೆ.”

ಆಗ ಅಮ್ಮ ಎದ್ದಳು. ಎದ್ದವಳು ಗೋಡೆ ಹಿಡಿದು ನಿಂತು ನನ್ನ ಕಡೆ ನೋಡದೆ ಹೇಳಿದಳು. “ಅವತ್ತು ಬೆಳಿಗ್ಗೆ ನಿಮ್ಮಪ್ಪ ಹಣೆಗೆ ಬಟ್ಟೆ ಬಿಗಿದುಕೊಂಡಿದ್ರು. ಹೋಗೋವಾಗ ಬಾಗಿಲು ಹಿಡಿದುಕೊಂಡೇ ಚಪ್ಪಲಿ ಹಾಕಿಕೊಂಡ್ರು. ನಾನು ನೋಡಿದೆ. ಮೇಲೆ ಹತ್ತೋರನ್ನ ಕೇಳಬಾರದು ಅಂತ ಕೇಳಲಿಲ್ಲ.” ಹಾಗೆಂದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. “ಅವಳಿಗೆ ಕೊಡೋ.”

“ಅಮ್ಮ, ಎಲ್ಲ...”

“ಎಲ್ಲ ಸರಿ ಅನ್ನಬೇಡ. ನಿಮ್ಮಪ್ಪ ಅಂದಿದ್ದು ಸಾಕು. ತಲೆ ನೋಯ್ತಿದೆಯಾ ಮಗಳೇ?”

ಗಾಳಿ ಬೀಸಿತು, ನಿಂತಿತು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು.

“ನೋಯ್ತಿದೆ ಅಮ್ಮ.” ಆ ದನಿ ಚಿಕ್ಕ ಮಗುವಿನದಾಗಿತ್ತು. “ತುಂಬ ನೋಯ್ತಿದೆ. ನಿನ್ನೆಯಿಂದ. ತಲೆ ಸುತ್ತುತ್ತೆ.”

ನಮ್ಮ ಮನೆಯೊಳಗೆ ಆ ಮಾತು ಮೊದಲ ಸಲ ಕೇಳಿಸಿದ್ದು ಅವತ್ತೇ. ಯಾವ ಗೋಡೆಯೂ ಬೀಳಲಿಲ್ಲ.

ಅವರಿಗೆ ದಾರಿ ತೋರಿಸುತ್ತಿದ್ದ ಅಲ್ಲಿನ ಗೈಡಿಗೆ ಗಡಿಯಾರ ಫೋನ್ ಕೊಟ್ಟ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ತೊದಲುತ್ತಲೇ, ಎಲ್ಲ ಹೇಳಿದೆ. ಅವನು, ತಾನು ದಿನವೂ ಬೆಳಿಗ್ಗೆ ಸಂಜೆ ಕೇಳುತ್ತಿದ್ದೆ, ಅವಳು ದಿನವೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು ಎಂದ. ಆಮೇಲೆ ನನ್ನ ಜೊತೆ ಮಾತಾಡುವುದು ಬಿಟ್ಟು ತನ್ನವರನ್ನು ಕೂಗಿದ. ಆಮ್ಲಜನಕದ ಸಿಲಿಂಡರ್ ತಂದು ಮೂಗಿಗೆ ಹಾಕಿದರು. ತಲೆದೀಪ ಕಟ್ಟಿಕೊಂಡು, ಅವಳನ್ನು ಇಬ್ಬರ ನಡುವೆ ಹಿಡಿದು, ಆವಾಗಲೇ ಇಳಿಯತೊಡಗಿದರು. ಗಡಿಯಾರ ತುದಿಯ ಆಸೆ ಬಿಟ್ಟು ಜೊತೆಗೇ ಇಳಿದ.

ಮುಂದಿನ ಫೋನ್ ಬೆಳಕು ಹರಿದ ಮೇಲೆ ಬಂತು. “ಹಸಿವಾಗ್ತಿದೆ” ಎಂದಳು ಅಕ್ಕ. ಅಮ್ಮ ಅತ್ತಳು.

ಕೆಲವು ದಿನ ಅಲ್ಲಿಯ ಆಸ್ಪತ್ರೆಯಲ್ಲಿದ್ದು ಅಕ್ಕ ಮನೆಗೆ ಬಂದಳು. ಇನ್ನೊಂದಿಷ್ಟು ಹೊತ್ತು ಮೇಲೇ ಇದ್ದಿದ್ದರೆ ಕರೆತರಲು ಅವಳಿರುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರ್ ಹೇಳಿದರಂತೆ. ಅವಳಿಗೆ ಹೆಚ್ಚೇನೂ ನೆನಪಿಲ್ಲ. ಸಿಸ್ಟರಮ್ಮ ಅವಳ ತಲೆ ನೇವರಿಸುತ್ತ, “ಅಪ್ಪ ಅಲ್ಲಮ್ಮ ಅದು. ಗಾಳಿ ಸಾಲದ ಮಿದುಳು ತನಗೆ ಬೇಕಾದೋರನ್ನ ತಂದು ನಿಲ್ಲಿಸಿಕೊಳ್ಳುತ್ತೆ” ಎಂದಳು.

“ಇರಬಹುದು” ಎಂದಳು ಅಕ್ಕ. “ಒಂದೇ ನೆನಪಿದೆ. ಇಳಿಯೋಕೆ ಶುರು ಮಾಡಿದಾಗ ಅವರು ಅಲ್ಲೇ ನಿಂತುಬಿಟ್ರು. ನಾನು ಕೂಗಿದೆ, ಹೇಗಿದೆ ಅಪ್ಪ ಅಂತ. ಈ ಸಲ ಅವರು ಏನೂ ಅನ್ನಲಿಲ್ಲ.”

ಆ ಮಾತಿನ ನಂತರ ಅಮ್ಮ ಹೆಲ್ಮೆಟ್ಟನ್ನು ಮೊಳೆಯಿಂದ ಇಳಿಸಿದಳು, ಪೆಟ್ಟಿಗೆಯೊಳಗೆ ಇಡಲು. ಒಳಭಾಗವನ್ನು ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ನನ್ನ ಮುಂದೆ ಹಿಡಿದಳು. ಬೂದು ಬಣ್ಣದ ಸಣ್ಣ ಮರಳು. ನಮ್ಮ ಬೀದಿಯ ಮಣ್ಣು ಕೆಂಪು.

“ಅಕ್ಕನ ಚೀಲದಿಂದ ಹಾರಿರಬೇಕು” ಎಂದೆ.

“ಇರಬೇಕು” ಎಂದಳು ಅಮ್ಮ, ಮತ್ತು ಬಟ್ಟೆಯನ್ನು ಒಗೆಯಲು ಹಾಕಿದಳು.

ಈಗ ಅಕ್ಕ ಮತ್ತೆ ಟವರ್ ಹತ್ತುತ್ತಾಳೆ. ಮೊನ್ನೆ ನಾನೂ ಅಮ್ಮನೂ ನಮ್ಮ ಬೀದಿಯ ಟವರಿನ ಕೆಳಗೆ ನಿಂತಿದ್ದೆವು. ಗಡಿಯಾರ ಹಗ್ಗ ಹಿಡಿದು ಕೂಗಿದ. “ತಲೆ ನೆಟ್ಟಗಿದೆಯಾ? ಕೈ ನಡುಗ್ತಿದೆಯಾ?” ಮೇಲಿನಿಂದ ಉತ್ತರ ಬಂತು. “ಬಿಸಿಲು ಜಾಸ್ತಿ ಆಯ್ತು ಕಣೋ, ಕಣ್ಣು ಮಂಜಾಗ್ತಿದೆ. ಇಳೀತೀನಿ.” ಇಳಿದು ಬಂದಳು. ನೀರು ಕುಡಿದಳು. ಮುಂದಿನ ವರ್ಷ ದೊಡ್ಡ ದಾರಿಯಲ್ಲಿ ಬೆಟ್ಟಕ್ಕೆ ಹೋಗುವ ಮಾತಾಡಿದಳು. “ನಿಧಾನಕ್ಕೆ, ಗಡಿಯಾರನ ಹಾಗೆ” ಎಂದಳು. ಅಮ್ಮ ಬೇಡ ಎನ್ನಲಿಲ್ಲ. “ಡಾಕ್ಟರ ಹತ್ರ ಯಾವಾಗ ಹೋಗೋದು?” ಎಂದಷ್ಟೇ ಕೇಳಿದಳು.

ಓದುತ್ತಿರುವ ಅಕ್ಕ, ಅಣ್ಣ, ತಮ್ಮ, ತಂಗಿಯರೇ, ದೂರದ ಬೆಟ್ಟ ನುಣ್ಣಗೆ. ಆಫ್ರಿಕಾದ್ದಾಗಲಿ ಮತ್ತೆಲ್ಲಿಯದಾಗಲಿ, ಎತ್ತರದ ಬೆಟ್ಟಕ್ಕೆ ಹೊರಟರೆ ಮೊದಲು ಡಾಕ್ಟರನ್ನು ಕಾಣಿ. ರಜ ಸಾಲದಿದ್ದರೆ ಚಿಕ್ಕ ದಾರಿ ಹಿಡಿಯಬೇಡಿ, ರಜ ಸಿಗುವ ತನಕ ಕಾಯಿರಿ. ತಲೆ ನೋಯುತ್ತಿದ್ದರೆ ಇನ್ನೂ ಮೇಲೆ ಹೋಗಿ ಮಲಗಬೇಡಿ. ನೋವು ಹೆಚ್ಚುತ್ತಿದ್ದರೆ, ಹೆಜ್ಜೆ ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ, ಮಾತು ತೊಡರಿದರೆ, ಆ ಕ್ಷಣವೇ ಇಳಿಯಿರಿ, ಒಬ್ಬರೇ ಇಳಿಯಬೇಡಿ. ತುದಿ ಮುಟ್ಟದೆ ಬಂದಿರೆಂದು ಯಾರಾದರೂ ನಕ್ಕರೆ ನಗಲಿ. ಜೀವ ಉಳಿಸಿಕೊಂಡು ಬಂದಿದ್ದೀರಲ್ಲ.

ಮನೆಯಲ್ಲಿ ಉಳಿಯುವವರೇ, ನಿಮ್ಮ ಪಾಲಿನ ತಯಾರಿಯೂ ಇದೆ. ಎತ್ತರದಲ್ಲಿರುವ ನಿಮ್ಮವರಿಗೆ ಹೇಗಿದ್ದೀಯ ಎಂದು ಕೇಳಬೇಡಿ. ತಲೆ ನೋಯ್ತಿದೆಯಾ ಎಂದು ಕೇಳಿ. ‘ಎಲ್ಲ ಸರಿ’ ಎಂದು ಬಂದರೆ ಮತ್ತೊಮ್ಮೆ ಕೇಳಿ. ಆ ದನಿ ನಿಮ್ಮವರದೇ ಎಂದು ಗೊತ್ತಾಗುವ ತನಕ ಫೋನ್ ಇಡಬೇಡಿ.